ಪೆಟ್ರೋಲು ಮುಳ್ಳು

೧೮ ಜನವರಿ ೧೯೫೯, ಭಾನುವಾರ

ಗಾಡಿ ಮನೆಗೆ ಬಂದು ವಾರವಾಯಿತು, ಬೀದಿಯವರು ಇನ್ನೂ ನೋಡಿ ಮುಗಿಸಿಲ್ಲ. ಜಯನಗರದ ಈ ಕಡೆ ಕಟ್ಟಿದ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಆದರೂ ನೋಡುವುದಕ್ಕೆ ಇಷ್ಟು ಜನ ಎಲ್ಲಿಂದ ಹುಟ್ಟಿಕೊಳ್ಳುತ್ತಾರೋ ಆ ಶಿವನಿಗೇ ಗೊತ್ತು. ಫಿಸಿಕ್ಸ್ ಮೇಷ್ಟರ ಮನೆ ಮುಂದೆ ಎರಡೇ ಸೀಟಿನ, ಸೊಂಟದೆತ್ತರದ ಬಾಗಿಲಿನ, ಕಡು ಹಸಿರು ಇಂಗ್ಲಿಷ್ ಸ್ಪೋರ್ಟ್ಸ್ ಕಾರು! ಕಾಲೇಜಿನಲ್ಲಿ ‘ಶಾಂತವೀರಪ್ಪನವರು ರೇಸಿಗೆ ಹೋಗ್ತಾರಂತೆ’ ಎಂದು ಆಡಿಕೊಳ್ಳುತ್ತಿದ್ದಾರೆ. ಆಡಿಕೊಳ್ಳಲಿ. ನಾನು ಕೊಂಡದ್ದು ಜಯಶೀಲಳಿಗಾಗಿ. ಅವಳಿಗೆ ಉಬ್ಬಸ. ಅದು ಕೆರಳಿದಾಗ ಗಾಂಧಿ ಬಜಾರಿನ ಡಾಕ್ಟರ್ ಕಾತ್ಯಾಯಿನಿಯವರ ಇಂಜೆಕ್ಷನ್ ಬಿಟ್ಟರೆ ಬೇರೆ ಗತಿಯಿಲ್ಲ. ಹೋದ ಕಾರ್ತಿಕದಲ್ಲಿ ಜಟಕಾ ಸಿಗುವ ಹೊತ್ತಿಗೆ ಅವಳ ಉಗುರು ನೀಲಿಯಾಗಿತ್ತು. ಆ ದಿನವೇ ಕಾರು ಕೊಳ್ಳಬೇಕೆಂದು ನಿಶ್ಚಯಿಸಿದೆ.

ಪೂರ್ತಿ ಅವಳಿಗಾಗಿಯೇ ಎಂದರೆ ಸುಳ್ಳಾದೀತು. ನನಗೂ ಆಸೆಯಿತ್ತು.

ಗಾಡಿಗೆ ಒಂದೇ ಕುಂದು, ಪೆಟ್ರೋಲು ತೋರಿಸುವ ಮುಳ್ಳು. ಟ್ಯಾಂಕು ತುಂಬಿಸಿ ಲಾಲ್‌ಬಾಗಿನ ಬಂಕಿನಿಂದ ಮನೆಗೆ ಬರುವಷ್ಟರಲ್ಲಿ ಮುಕ್ಕಾಲು ಎಂದಿತು, ಅರ್ಧ ಎಂದಿತು, ಮತ್ತೆ ತುಂಬಿದೆ ಎಂದಿತು. ನಮ್ಮ ತಿರುವಿನಲ್ಲಿ ಚರಂಡಿಗೆಂದು ಅಗೆದ ರಸ್ತೆಯ ಮೇಲೆ ಕುಲುಕಾಡಿದಾಗ ದಬಕ್ಕನೆ ಖಾಲಿಗೆ ಬಿತ್ತು. ಮಾರಿದ ಇಂಗ್ಲಿಷಿನವನು ಊರಿಗೆ ಹಡಗು ಹತ್ತುವ ಆತುರದಲ್ಲಿದ್ದ. ಮುಳ್ಳನ್ನು ನಂಬಬೇಡ, ಉಳಿದದ್ದೆಲ್ಲ ಚಿನ್ನ ಎಂದು ಹೇಳಿ ಕೀಲಿ ಕೊಟ್ಟಿದ್ದ. ನನ್ನ ಕೈಗೆ ಬಂದ ಮೇಲೆ ಅದೂ ಚಿನ್ನವಾಗಬೇಕು.

೨೪ ಜನವರಿ, ಶನಿವಾರ

ಸಿದ್ದಾಪುರದ ಮೆಕ್ಯಾನಿಕ್ ಬೈರಣ್ಣ ಬಂದಿದ್ದ. ಲಾರಿ ರಿಪೇರಿಯಲ್ಲಿ ಪಳಗಿದ ಕೈ, ಬಾಯಿ ಅದಕ್ಕಿಂತ ಹೆಚ್ಚು ಪಳಗಿದೆ. ಮೀಟರಿನ ಗಾಜನ್ನು ಬೆರಳಿನಿಂದ ಕುಟ್ಟಿದ. ಮುಳ್ಳು ನಡುಗಿತು. ಮುಷ್ಟಿಯಿಂದ ಒಂದು ಗುದ್ದು ಕೊಟ್ಟ. ನೆಟ್ಟಗೆ ನಿಂತಿತು.

“ನೋಡಿ ಸಾರ್, ಪೆಟ್ಟು ಬೀಳೋವರ್ಗೂ ಮಾತು ಕೇಳಲ್ಲ ಇದು.”

“ಬೈರಣ್ಣ, ಇದು ಯಂತ್ರ ಕಣಯ್ಯ. ಕಾರಣ ಇಲ್ದೆ ಏನೂ ಆಗಲ್ಲ.”

“ಕಾರಣ ಕಟ್ಕೊಂಡು ಏನ್ ಮಾಡ್ತೀರಿ ಸಾರ್? ಒಂದು ಕೋಲು ಇಟ್ಕೊಳಿ. ಟ್ಯಾಂಕ್ ಒಳಗೆ ಬಿಟ್ಟು ತೆಗೆದ್ರೆ ಎಷ್ಟಿದೆ ಅಂತ ಕಣ್ಣಿಗೇ ಕಾಣುತ್ತೆ.” ಬಿದಿರು ಸೀಳಿ, ಗೀಟು ಹಾಕಿ ಕೊಟ್ಟೇ ಹೋದ.

ಕೋಲಿನಿಂದ ಅಳೆಯುವುದಾದರೆ ನಾನು ಫಿಸಿಕ್ಸ್ ಯಾಕೆ ಓದಬೇಕಿತ್ತು? ಅವನು ಹೋದ ಮೇಲೆ ಕೂತು ಚಿತ್ರ ಬರೆದೆ. ಟ್ಯಾಂಕಿನೊಳಗೆ ಒಂದು ತೇಲುಬುರುಡೆ ಇದೆ. ಪೆಟ್ರೋಲಿನ ಜೊತೆಗೆ ಅದು ಏರುತ್ತದೆ, ಇಳಿಯುತ್ತದೆ. ಅದರ ಸುದ್ದಿಯನ್ನು ಒಂದೇ ಒಂದು ತಂತಿ ಮುಂದಿನ ಮೀಟರಿಗೆ ಒಯ್ಯುತ್ತದೆ. ಈ ಜಾತಿಯ ಮೀಟರಿನಲ್ಲಿ ತಂತಿ ಎಲ್ಲಾದರೂ ಗಾಡಿಯ ಕಬ್ಬಿಣಕ್ಕೆ ತಾಗಿದರೆ ಮುಳ್ಳು ಖಾಲಿಗೆ ಬೀಳುತ್ತದೆ, ತಂತಿಯನ್ನೇ ಬಿಚ್ಚಿದರೆ ಯಾವಾಗಲೂ ತುಂಬಿದೆ ಎನ್ನುತ್ತದೆ. ಇಷ್ಟೇ ವಿಷಯ. ಜಯಶೀಲಳಿಗೆ ವಿವರಿಸಿದೆ. “ಬಿಚ್ಚಿಟ್ರೆ ತುಂಬಿದೆ ಅನ್ನುತ್ತಾ? ನಮ್ಮೂರಲ್ಲೂ ಅಂಥೋರು ಇದ್ರು” ಎಂದು ನಕ್ಕಳು. ನಕ್ಕರೆ ಅವಳಿಗೆ ಕೆಮ್ಮು ಬರುತ್ತದೆ. ಆದರೂ ನಗಿಸುವುದು ನನಗೆ ಇಷ್ಟ.

೧ ಫೆಬ್ರವರಿ, ಭಾನುವಾರ

ಬೆಳಿಗ್ಗೆ ಗೊಟ್ಟಿಗೆರೆಯ ಕೆರೆಯವರೆಗೆ ಹೋಗಿ ಬಂದೆವು. ಮೇಲಿನ ಕ್ಯಾನ್ವಾಸ್ ಮಡಿಸಿ ಓಡಿಸಿದೆ. ಜಯಶೀಲ ಸೆರಗು ತಲೆಗೆ ಕಟ್ಟಿಕೊಂಡು ಹುಡುಗಿಯ ಹಾಗೆ ಕೂತಿದ್ದಳು. ಮದುವೆಯಾಗಿ ಏಳು ವರ್ಷದಲ್ಲಿ ನಾನು ಅವಳನ್ನು ಅಷ್ಟು ಖುಷಿಯಾಗಿ ಕಂಡದ್ದು ಕಡಿಮೆ. ಬನ್ನೇರುಘಟ್ಟದ ರಸ್ತೆಯಲ್ಲಿ ಜಲ್ಲಿ ಲಾರಿಗಳ ಹಿಂದೆ ಕೆಂಪು ಧೂಳೋ ಧೂಳು. ಒಂದು ದೊಡ್ಡ ಹಳ್ಳಕ್ಕೆ ಬಿದ್ದೆದ್ದಾಗ ಮುಳ್ಳು ಖಾಲಿಗೆ ಬಿದ್ದದ್ದು ಮನೆ ಸೇರುವವರೆಗೂ ಏಳಲಿಲ್ಲ. ಟ್ಯಾಂಕಿನಲ್ಲಿ ಅರ್ಧದ ಮೇಲಿತ್ತು.

ಸಂಜೆ ಉಬ್ಬಸ ಬಂತು. ಗಾಡಿ ಗಾಂಧಿ ಬಜಾರಿಗೆ ಗಾಳಿಯ ಹಾಗೆ ಹೋಯಿತು. ಡಾಕ್ಟರಮ್ಮ ಇಂಜೆಕ್ಷನ್ ಕೊಟ್ಟು, “ಮೇಷ್ಟ್ರೇ, ಧೂಳಿಂದ ದೂರ ಇಡ್ರಿ ಇವರನ್ನ. ತೆರೆದ ಗಾಡೀಲಿ ಮೆರವಣಿಗೆ ಬೇಡ” ಎಂದರು. ಹೆಂಗಸರಿಗೆ ಈ ಗಾಡಿಯ ಮೇಲೆ ಯಾಕೋ ಹಗೆ.

ಬಂದೊಡನೆ ಮುಳ್ಳು ನೋಡಿದೆ. ಅರ್ಧದ ಮೇಲೆ ಸರಿಯಾಗಿ ನಿಂತಿತ್ತು. ಅವಳಿಗೂ ಉಸಿರು ಸರಿಹೋಗಿತ್ತು. ಒಳ್ಳೇ ತಮಾಷೆ.

೧೪ ಫೆಬ್ರವರಿ, ಶನಿವಾರ

ಟ್ಯಾಂಕಿನಿಂದ ತೇಲುಬುರುಡೆ ಬಿಚ್ಚಿದೆವು. ತೂತಾಗಿ ಒಳಗೆ ಪೆಟ್ರೋಲು ಸೇರಿದೆಯೇನೋ ಎಂದು ಬೈರಣ್ಣ ಅದನ್ನು ಕಿವಿಯ ಹತ್ತಿರ ಹಿಡಿದು ತೆಂಗಿನಕಾಯಿಯ ಹಾಗೆ ಅಲ್ಲಾಡಿಸಿದ. ಏನಿಲ್ಲ. ಮೀಟರಿನ ಹಿಂದಿನ ತಿರುಪುಗಳನ್ನು ಉಜ್ಜಿ ಬಿಗಿ ಮಾಡಿದೆ. ಎರಡು ದಿನ ಸುಮ್ಮನಿತ್ತು, ಇವತ್ತು ಮತ್ತೆ ಕುಣಿಯಿತು. ಕ್ಲಾಸಿನಲ್ಲೂ ಅದೇ ಯೋಚನೆ. ಹಲಗೆಯ ಮೇಲೆ ಬರೆಯಬೇಕಾದ್ದನ್ನು ಬಿಟ್ಟು ಟ್ಯಾಂಕಿನ ಚಿತ್ರ ಬರೆದಿದ್ದೆನಂತೆ.

೨೨ ಫೆಬ್ರವರಿ, ಭಾನುವಾರ

ಬೆಳಿಗ್ಗೆ ಕೋಲು ಹಾಕಿ ನೋಡುತ್ತಿದ್ದೆ. ಮನೆಗೆಲಸದ ಮುನಿಲಕ್ಷ್ಮಮ್ಮ ಪೊರಕೆ ಹಿಡಿದು ನೋಡುತ್ತ ನಿಂತಳು. ಕೋಣನಕುಂಟೆಯವಳು, ಸ್ವಂತ ಕಣ ಕಂಡ ಮನೆತನ.

“ಅದೇನ್ ಸಾಮಿ ದಿನಾ ಅಳೀತೀರ? ನಮ್ ಕಣದಾಗೆ ರಾಶಿ ಒಂದ್ ಕಿತ ಅಳದು ಮುಗೀತು ಅಂದ್ರೆ ಮತ್ತೆ ಕೊಳಗ ಇಕ್ತಿರ್ಲಿಲ್ಲ. ತುಂಬಿರೋದ್ನ ಮತ್ತೆ ಅಳದ್ರೆ ಸಿರಿ ಇಳೀತದೆ ಅಂತ ನಮ್ಮಪ್ಪ ಬೈಯೋನು.”

“ನೀನು ಕಸ ಗುಡಿಸಮ್ಮ. ಇದು ರಾಗಿ ಅಲ್ಲ.”

ಕ್ಲಾಸಿನಲ್ಲಿ ಹೇಳಿ ಹುಡುಗರನ್ನು ನಗಿಸಬಹುದು.

ಮಧ್ಯಾಹ್ನ ಜಯಶೀಲಳನ್ನು ಬನಶಂಕರಿ ಕಡೆ ಅವಳ ಗೆಳತಿಯ ಮನೆಗೆ ಬಿಡಲು ಹೊರಟೆ. ಅಗೆದ ರಸ್ತೆ ದಾಟುವಾಗ ಮುಳ್ಳು ಬಿತ್ತು. ಅವಳು ಏನೋ ಹೇಳುತ್ತಿದ್ದಳು, ನನಗೆ ಕೇಳಿಸಲಿಲ್ಲ. ಸಂಜೆ ಉಬ್ಬಸ. ಹೋದ ಸಲಕ್ಕಿಂತ ಹೆಚ್ಚು.

೮ ಮಾರ್ಚ್, ಭಾನುವಾರ

ನಿನ್ನೆ ಶಿವರಾತ್ರಿ. ಜಯಶೀಲ ಉಪವಾಸವಿದ್ದಳು. ಬೆಳಿಗ್ಗೆ ದೇವಸ್ಥಾನಕ್ಕೆ ಹೋಗೋಣವೆಂದಳು. ತಿರುವಿನಲ್ಲಿ ಚರಂಡಿ ಕೂಲಿಯವರು ಮಣ್ಣು ಎತ್ತಿ ಹಾಕುತ್ತಿದ್ದರು. ನಾನು ರಸ್ತೆ ನೋಡುತ್ತಿರಲಿಲ್ಲ, ಮುಳ್ಳನ್ನೇ ನೋಡುತ್ತಿದ್ದೆ. ಬೀಳಬೇಡ, ಬೀಳಬೇಡ ಎಂದು ಮನಸ್ಸಿನಲ್ಲಿ ಹೇಳಿಕೊಂಡದ್ದು ನಿಜ. ಬಿತ್ತು.

ನಾನು ಅಲ್ಲಿಂದಲೇ ಗಾಡಿ ತಿರುಗಿಸಿದೆ. “ಯಾಕ್ರೀ? ದೇವಸ್ಥಾನ?” ಎಂದಳು. ತಲೆನೋವು ಎಂದೆ. ಮನೆಯಲ್ಲಿ ಅವಳನ್ನು ಮಲಗಿಸಿ ಪಕ್ಕದಲ್ಲೇ ಕಾದು ಕೂತೆ. ದೀಪ ಹಚ್ಚುವ ಹೊತ್ತಿಗೆ ಶುರುವಾಯಿತು. ಬೆಕ್ಕಿನ ಮರಿ ಅತ್ತ ಹಾಗೆ ಎದೆಯೊಳಗಿಂದ ಸದ್ದು.

ಒಂದು ಸಲವಾದರೆ ಕಾಕತಾಳೀಯ, ಎರಡು ಸಲವಾದರೂ ಒಪ್ಪಿಕೊಳ್ಳಬಹುದು. ಮೂರನೆಯ ಸಲವೂ ಆದಾಗ ಕಣ್ಣು ಮುಚ್ಚಿಕೊಳ್ಳುವವನು ವಿಜ್ಞಾನಿಯಲ್ಲ. ನಾನು ಶಕುನ ನಂಬುವವನಲ್ಲ. ಹಲ್ಲಿ ಲೊಚಗುಟ್ಟಿದರೆ ನೆಲ ಕುಟ್ಟುತ್ತಿದ್ದ ನನ್ನ ಅಜ್ಜಿಯನ್ನು ಹತ್ತನೇ ವಯಸ್ಸಿಗೇ ಅಣಕಿಸಿದವನು. ಆದರೆ ನನಗೆ ಭಯವಾಗಿದೆ. ಬರೆದುಬಿಟ್ಟೆ. ಇನ್ನು ಹೊಡೆದುಹಾಕುವುದಿಲ್ಲ.

೧೫ ಮಾರ್ಚ್, ಭಾನುವಾರ

ಸಿಕ್ಕಿತು!

ಇಡೀ ದಿನ ಗಾಡಿಯ ಕೆಳಗೆ ಮಲಗಿ ಹುಡುಕಿದೆ. ಟ್ಯಾಂಕಿನಿಂದ ಬರುವ ತಂತಿ ಚಾಸಿಯ ಒಂದು ತೂತಿನೊಳಗೆ ನುಸುಳಿ ಮುಂದೆ ಹೋಗುತ್ತದೆ. ಅಲ್ಲಿ ಮೇಲಿನ ಬಟ್ಟೆ ಸವೆದು ತಾಮ್ರ ಹೊಳೆಯುತ್ತಿತ್ತು. ಗಾಡಿ ಕುಲುಕಿದಾಗಲೆಲ್ಲ ಕಬ್ಬಿಣಕ್ಕೆ ತಾಗುತ್ತಿತ್ತು. ಜನವರಿಯಲ್ಲಿ ನಾನು ಬರೆದದ್ದೇ ಸರಿ. ಬೈರಣ್ಣನ ಮುಖ ನೋಡಬೇಕಿತ್ತು! “ಸಾರ್, ನೀವು ಮೇಷ್ಟ್ರು ಕೆಲಸ ಬಿಟ್ಟು ನನ್ ಶೆಡ್ಡಿಗೆ ಬಂದ್ಬಿಡಿ” ಎಂದ. ಟೇಪು ಸುತ್ತಿ, ರಬ್ಬರು ಕೊಟ್ಟು ಕಟ್ಟಿದೆವು. ಅಗೆದ ರಸ್ತೆಯ ಮೇಲೆ ಬೇಕೆಂದೇ ನಾಲ್ಕು ಸಲ ಓಡಿಸಿದೆ. ಮುಳ್ಳು ಅಲುಗಲಿಲ್ಲ.

ಜಯಶೀಲ ನಿಟ್ಟುಸಿರು ಬಿಟ್ಟು, “ಸದ್ಯ, ಇನ್ನಾದ್ರೂ ಮನುಷ್ಯರ ಹಾಗೆ ಊಟ ಮಾಡಿ” ಎಂದಳು. ಕೈ ತೊಳೆದು ಊಟಕ್ಕೆ ಕೂತೆ. ಸಂತೋಷವಾಗಬೇಕಿತ್ತು, ಅಷ್ಟಾಗಿ ಆಗಲಿಲ್ಲ. ದಣಿವಿರಬೇಕು.

೧೮ ಮಾರ್ಚ್, ಬುಧವಾರ

ನಿನ್ನೆ ಉಬ್ಬಸ ಬಂತು. ಮಾರ್ಕೆಟ್ಟಿಗೆ ಹೋಗಿ ಬಂದಿದ್ದೆವು, ಅದೇ ತಿರುವು ದಾಟಿಕೊಂಡು. ಮುಳ್ಳು ಬೀಳಲಿಲ್ಲ. ಏನೂ ಹೇಳಲಿಲ್ಲ. ನಾನು ನಿಶ್ಚಿಂತೆಯಾಗಿ ಪೇಪರು ಓದುತ್ತಿದ್ದೆ, ಅವಳು ಅಡುಗೆಮನೆಯಲ್ಲಿ ಗೋಡೆ ಹಿಡಿದು ಕೂತಿದ್ದಳು. ಎಷ್ಟು ಹೊತ್ತಿನಿಂದ ಕೂತಿದ್ದಳೋ. ಡಾಕ್ಟರಮ್ಮ ಇನ್ನೊಂದು ಸ್ವಲ್ಪ ತಡವಾಗಿದ್ದರೆ ಎಂದು ಮಾತು ಅರ್ಧಕ್ಕೆ ನಿಲ್ಲಿಸಿದರು.

ಟೇಪು ಸುತ್ತಿದವನು ನಾನು. ಹೇಳುತ್ತಿದ್ದ ಬಾಯಿಯನ್ನು ನಾನೇ ಕಟ್ಟಿದೆ.

೨೯ ಮಾರ್ಚ್, ಭಾನುವಾರ

ಒಂದು ವಿಷಯ ಸ್ಪಷ್ಟವಾಗುತ್ತಿದೆ. ಮೊದಲು ಮುಳ್ಳು ಬೀಳುವುದನ್ನು ಮಾತ್ರ ನೋಡಿದೆ, ಅದು ನಿಂತಿರುವ ಜಾಗವನ್ನು ನೋಡಲಿಲ್ಲ. ಈ ವಾರ ಕಾಲು ಭಾಗಕ್ಕೆ ಇಳಿದಿತ್ತು. ವಾರವಿಡೀ ಜಯಶೀಲ ಸೊರಗಿದ್ದಳು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ನಿನ್ನೆ ಹೋಗಿ ಟ್ಯಾಂಕು ತುಂಬಿಸಿದೆ. ಸಂಜೆ ಮಾವಿನ ಮಳೆ ಜೋರಾಗಿ ಬಂದು ಬೀದಿಯ ಕೆಂಪು ಮಣ್ಣೆಲ್ಲ ಅಡಗಿತು. ರಾತ್ರಿ ಅವಳು ಒಂದು ಸಲವೂ ಕೆಮ್ಮದೆ ಮಲಗಿದಳು. ಇವತ್ತು ಹಾಡು ಗುನುಗುತ್ತ ಒಬ್ಬಟ್ಟು ಮಾಡಿದಳು, ಹಬ್ಬವಿಲ್ಲದ ದಿನ!

“ಮಳೆ ಬಂದು ಧೂಳು ಕೂತಿತಲ್ಲ, ಎದೆ ಹಗುರ ಆಗಿದೆ ಕಣ್ರೀ.”

ಹೌದು ಎಂದೆ. ಟ್ಯಾಂಕು ತುಂಬಿಸಿದ್ದು ಅವಳಿಗೆ ಗೊತ್ತಿಲ್ಲ.

೩ ಏಪ್ರಿಲ್, ಶುಕ್ರವಾರ

ದಿನಾ ಬಂಕಿಗೆ ಹೋಗುತ್ತಿದ್ದೇನೆ. ನಿನ್ನೆ ಬಂಕಿನವನು, “ಸಾರ್, ಇದರೊಳಗೆ ಇನ್ನು ಒಂದು ಲೋಟ ಹಿಡಿಯಲ್ಲ. ಕಾಫಿ ಕುಡಿದು ಹೋಗಿ” ಎಂದು ನಕ್ಕ. ಅವನ ನಗು ನನಗೆ ಹಿಡಿಸಲಿಲ್ಲ. ಅಲ್ಲಿಂದ ಮನೆಗೆ ಬರುವಷ್ಟರಲ್ಲೇ ಮುಳ್ಳು ಒಂದು ಕೂದಲಿನಷ್ಟು ಇಳಿಯುತ್ತದೆ, ಕಾಲೇಜಿಗೆ ಹೋಗಿ ಬಂದರೆ ಇನ್ನಷ್ಟು. ಓಡುವ ಗಾಡಿ ಪೆಟ್ರೋಲು ಕುಡಿಯದೆ ಇರುತ್ತದೆಯೇ? ಹೀಗೆ ಎಷ್ಟು ದಿನ?

೪ ಏಪ್ರಿಲ್, ಶನಿವಾರ

ತಂತಿಯನ್ನು ಮೀಟರಿನ ಹಿಂದಿನಿಂದ ಬಿಚ್ಚಿದೆ. ತಾತ್ಕಾಲಿಕವಾಗಿ. ಕೀಲಿ ತಿರುಗಿಸಿದರೆ ಮುಳ್ಳು ನಿಧಾನವಾಗಿ ಎದ್ದು ತುಂಬಿದ ಗುರುತಿನ ಮೇಲೆ ನಿಲ್ಲುತ್ತದೆ, ಅಲ್ಲಿಂದ ಕದಲುವುದಿಲ್ಲ. ಹೊಂಡವಿರಲಿ, ಹಳ್ಳವಿರಲಿ. ನೋಡಿದರೆ ಕಣ್ಣಿಗೆ ತಂಪು. ಇಷ್ಟು ಸುಲಭದ ಉಪಾಯ ಇಷ್ಟು ದಿನ ಹೊಳೆಯಲಿಲ್ಲವಲ್ಲ.

೯ ಏಪ್ರಿಲ್, ಗುರುವಾರ. ಯುಗಾದಿ

ಬೇವು ಬೆಲ್ಲ ಆಯಿತು. ಜಯಶೀಲ ಚೆನ್ನಾಗಿದ್ದಾಳೆ, ತಂತಿ ಬಿಚ್ಚಿದ ಶನಿವಾರದಿಂದ ಒಂದು ಸಲವೂ ಉಬ್ಬಸ ಬಂದಿಲ್ಲ. ಮಳೆಯೂ ದಿನ ಬಿಟ್ಟು ದಿನ ಬರುತ್ತಿದೆ. ಗಾಡಿ ತೊಳೆದೆ. ಮೀಟರಿನ ಗಾಜು ಒರೆಸಿ ಮೂರೆಳೆ ವಿಭೂತಿ ಹಚ್ಚಿದೆ. ಹಬ್ಬದ ದಿನ ಯಂತ್ರಕ್ಕೆ ಪೂಜೆ ಮಾಡಿದರೆ ಹೆಂಗಸರಿಗೆ ಸಮಾಧಾನ.

ಮುನಿಲಕ್ಷ್ಮಮ್ಮ ಗಾಡಿಯ ಪಕ್ಕದಲ್ಲಿದ್ದ ಕೋಲು ಎತ್ತಿ, “ಇದೆಲ್ಲಿಡ್ಲಿ ಸಾಮಿ?” ಎಂದಳು. ಕಿತ್ತುಕೊಂಡು ಮುರಿದು ಒಲೆಗೆ ಹಾಕಿದೆ. ಇನ್ನು ಮುಂದೆ ಯಾರೂ ಟ್ಯಾಂಕಿನ ಮುಚ್ಚಳ ಮುಟ್ಟಬಾರದು, ತುಂಬಿರುವುದನ್ನು ಮತ್ತೆ ಅಳೆಯಬಾರದು ಎಂದೆ. ಅವಳು, “ಹೌದ್ ಸಾಮಿ, ಆದ್ರೆ ನಾನು ಹೇಳಿದ್ದು ರಾಗಿಗೆ” ಎಂದು ಗೊಣಗಿಕೊಂಡು ಹೋದಳು. ಹಳ್ಳಿಯವರಿಗೆ ತಮ್ಮ ಮಾತಿನ ಬೆಲೆ ತಮಗೇ ಗೊತ್ತಿರುವುದಿಲ್ಲ.

ಜಯಶೀಲ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. “ರೀ, ದಿನಕ್ಕೆ ಹತ್ತು ಸಲ ಆ ಮುಳ್ಳು ನೋಡ್ತೀರ. ನನ್ನ ಮುಖ ಒಂದ್ಸಲ ನೋಡಿ” ಎಂದಳು. ನೋಡಿದೆ. ಚೆನ್ನಾಗಿಯೇ ಇದ್ದಳು.

೧೩ ಏಪ್ರಿಲ್, ಸೋಮವಾರ

ಜಯಶೀಲಳಿಗೆ ಗೊತ್ತಾಗಿದೆ. ಹೋದ ವಾರ ಮೀಟರಿನ ಹಿಂದೆ ಇಣುಕಿದ್ದ ಬೈರಣ್ಣ ದಾರಿಯಲ್ಲಿ ಸಿಕ್ಕಿ ಏನೋ ಹೇಳಿದನಂತೆ. “ತಂತಿ ಬಿಚ್ಚಿ ಓಡಿಸ್ತಿದೀರಂತೆ, ಪೆಟ್ರೋಲ್ ಎಷ್ಟಿದೆ ಅಂತ ಹೇಗೆ ತಿಳಿಯುತ್ತೆ? ಹಾಕಿಸಿ ಎಷ್ಟು ದಿನ ಆಯ್ತು?” ಎಂದು ಕೇಳಿದಳು.

ಪೆಟ್ರೋಲು ಹಾಕಿಸಬೇಕೆಂಬ ನೆನಪು ನನಗೂ ಇದೆ. ಮೊನ್ನೆ ಬಂಕಿನವರೆಗೆ ಹೋಗಿದ್ದೆ ಕೂಡ. ಆದರೆ ಮುಳ್ಳು ತುಂಬಿದೆ ಎನ್ನುವಾಗ ಮುಚ್ಚಳ ತೆಗೆದು ಸುರಿಯುವುದೆಂದರೆ ಅದನ್ನು ಸುಳ್ಳು ಮಾಡಿದ ಹಾಗಲ್ಲವೇ? ಅವಳು ನೆಟ್ಟಗಿರುವುದು ಅದು ನೆಟ್ಟಗಿರುವುದರಿಂದ. ಇಂಥದ್ದನ್ನು ಅವಳ ಮುಂದೆ ಹೇಳಲಾಗುವುದಿಲ್ಲ. ವಾಪಸು ಬಂದುಬಿಟ್ಟಿದ್ದೆ. ನಾಳೆ ಹಾಕಿಸುತ್ತೇನೆ ಎಂದು ಅವಳಿಗೆ ಮಾತು ಕೊಟ್ಟೆ.

೧೯ ಏಪ್ರಿಲ್, ಭಾನುವಾರ

ಮಳೆ ನಿಂತು ನಾಲ್ಕು ದಿನವಾಗಿತ್ತು. ಎದುರಿನ ಸೈಟಿನಲ್ಲಿ ಬೆಳಿಗ್ಗೆಯಿಂದ ಜಲ್ಲಿ ಇಳಿಸುತ್ತಿದ್ದರು. ಸಂಜೆ ನಾಲ್ಕರ ಸುಮಾರಿಗೆ ಬಂತು. ಇಂಥ ಉಬ್ಬಸ ನಾನು ಕಂಡಿರಲಿಲ್ಲ. ಮಾತಿಗೆ ಉಸಿರಿಲ್ಲ, ಭುಜ ಕಿವಿಯವರೆಗೆ ಎದ್ದು ಎದ್ದು ಬೀಳುತ್ತಿತ್ತು. ಎತ್ತಿ ಸೀಟಿನಲ್ಲಿ ಕೂರಿಸಿದೆ. ಕೀಲಿ ತಿರುಗಿಸಿದೆ. ಮುಳ್ಳು ತುಂಬಿದ ಕಡೆಗೇ ಎದ್ದಿತು. ಏನೂ ಆಗುವುದಿಲ್ಲ ಎಂದು ಅವಳಿಗೆ ಹೇಳಿದೆ.

ಡಾಕ್ಟರಮ್ಮ ಮನೆಯಲ್ಲಿಲ್ಲ. ಅಲ್ಲಿಂದ ದೊಡ್ಡಾಸ್ಪತ್ರೆಗೆ ತಿರುಗಿಸಿದೆ. ಲಾಲ್‌ಬಾಗಿನ ಸಿದ್ದಾಪುರದ ಗೇಟಿನ ಹತ್ತಿರ ಗಾಡಿ ಒಮ್ಮೆ ಕೆಮ್ಮಿತು, ಎರಡು ಸಲ ಜಗ್ಗಿತು, ನಿಂತಿತು. ಸೆಲ್ಫು ಹೊಡೆದೆ. ಮತ್ತೆ ಹೊಡೆದೆ. ಅವಳು ನನ್ನ ತೋಳು ಹಿಡಿದು ಏನೋ ಹೇಳಲು ನೋಡಿದಳು. ಉಸಿರಿನ ಜೊತೆ ಒಂದೇ ಮಾತು ಬಂತು, “ಪೆಟ್ರೋಲ್.” ನಾನು ಮೀಟರು ತೋರಿಸಿದೆ. “ನೋಡು, ತುಂಬಿದೆ” ಎಂದೆ. ಅವಳು ಕಣ್ಣು ಮುಚ್ಚಿಕೊಂಡಳು.

ಜನ ಸೇರಿದರು. ಬೈರಣ್ಣ ತನ್ನ ಶೆಡ್ಡಿನಿಂದ ಓಡಿ ಬಂದ. ಹಿಂದೆ ಹೋಗಿ ಮುಚ್ಚಳ ತೆಗೆದು, ಕೈಗೆ ಸಿಕ್ಕಿದ ಕಡ್ಡಿಯೊಂದನ್ನು ಟ್ಯಾಂಕಿಗೆ ಇಳಿಸಿದ. ನಾನು ಬೇಡ ಎಂದು ಕೂಗಿದ್ದು ಅವನಿಗೆ ಕೇಳಿಸಲಿಲ್ಲವೋ ಏನೋ. “ಒಣಗಿ ಹೋಗಿದೆಯಲ್ಲಾ ಸಾರ್!” ಎಂದು ಅರಚಿದ. ಹೋಗುತ್ತಿದ್ದ ಜಲ್ಲಿ ಲಾರಿಯನ್ನು ಅಡ್ಡಗಟ್ಟಿ ಜಯಶೀಲಳನ್ನು ಎತ್ತಿ ಹತ್ತಿಸಿದರು. “ಹತ್ತಿ ಸಾರ್, ಬೇಗ ಹತ್ತಿ!”

ಬಾನೆಟ್ ತೆರೆದಿತ್ತು, ಮುಚ್ಚಳ ತೆಗೆದಿತ್ತು, ಗಾಡಿಯ ಸುತ್ತ ಯಾರು ಯಾರೋ ನಿಂತಿದ್ದರು. ಯಾರಾದರೂ ಒಬ್ಬರು ಅಲ್ಲಿರಬೇಕಿತ್ತು. ನೀನು ಹೋಗು ಬೈರಣ್ಣ, ಹಿಂದೆಯೇ ಬಂದೆ ಎಂದೆ. ಅವನು ನನ್ನನ್ನು ಒಂದು ಕ್ಷಣ ನೋಡಿ ಲಾರಿ ಹತ್ತಿದ.

೨೧ ಏಪ್ರಿಲ್, ಮಂಗಳವಾರ

ಉಳಿದಳು. ಆಕ್ಸಿಜನ್ ಇಟ್ಟಿದ್ದಾರೆ. ಅವಳ ಕೈ ಹಿಡಿದು ಕೂತಾಗ ನನಗೆ ಅಳು ಬಂತು. ಈ ಕೈ ಇಲ್ಲದ ಮನೆಯಲ್ಲಿ ನಾನು ಒಂದು ದಿನವೂ ಇರಲಾರೆ.

ಆಸ್ಪತ್ರೆಯವರು, ಬೈರಣ್ಣ, ಮುನಿಲಕ್ಷ್ಮಮ್ಮ ಎಲ್ಲರದೂ ಒಂದೇ ರಾಗ. ಪೆಟ್ರೋಲು ಹಾಕಿಸಿದ್ದರೆ ಹೀಗಾಗುತ್ತಿರಲಿಲ್ಲವಂತೆ. ಒಬ್ಬರಾದರೂ ಇನ್ನೊಂದು ಕಡೆಯಿಂದ ಯೋಚಿಸುವುದಿಲ್ಲ. ಮುಳ್ಳು ತುಂಬಿದ ಕಡೆ ನಿಂತಿತ್ತು. ಗಾಡಿ ನಿಂತರೂ ಎದುರಿಗೇ ಲಾರಿ ಬಂತು. ಅವಳು ಉಳಿದಳು. ಅದು ಖಾಲಿಗೆ ಬಿದ್ದಿದ್ದರೆ?

೨೬ ಏಪ್ರಿಲ್, ಭಾನುವಾರ

ತುಮಕೂರಿನಿಂದ ಮಾವ ಕರಿಬಸವಯ್ಯನವರು ಬಂದು ಮಗಳನ್ನು ಕರೆದುಕೊಂಡು ಹೋದರು. ಆಸ್ಪತ್ರೆಯಿಂದ ನೇರವಾಗಿ. ನಮ್ಮ ಬೀದಿಯ ಧೂಳಿನಲ್ಲಿ ಅವಳು ಇರಬಾರದೆಂದು ದೊಡ್ಡ ಡಾಕ್ಟರೂ ಹೇಳಿದರಂತೆ. ಮಾವನವರು ನನಗೆ ಒಂದು ಬಿರುಮಾತೂ ಆಡಲಿಲ್ಲ. ಬಟ್ಟೆ ಅಂಗಡಿಯವರು, ಮಾತು ಅಳೆದು ಕತ್ತರಿಸುತ್ತಾರೆ.

ಟ್ಯಾಕ್ಸಿಯಲ್ಲಿ ಕೂತು ಜಯಶೀಲ ನನ್ನ ಕೈ ಬಿಡಲಿಲ್ಲ. “ನೀವೂ ಬನ್ನಿ. ಕಾಲೇಜಿಗೆ ರಜ ಇದೆಯಲ್ಲ. ಗಾಡಿ ಇಲ್ಲೇ ಇರ್ಲಿ, ಯಾರಿಗಾದ್ರೂ ಕೊಟ್ಬಿಡಿ. ನನಗೆ ಅದು ಬೇಡ್ರೀ. ನೀವು ಬೇಕು.”

ಎರಡು ದಿನದಲ್ಲಿ ಬರುತ್ತೇನೆ ಎಂದೆ. ಅವಳು ಹಿಂದಿನ ಗಾಜಿನಲ್ಲಿ ನೋಡುತ್ತಲೇ ಹೋದಳು.

೨ ಮೇ, ಶನಿವಾರ

ಹೋಗುವ ಮನಸ್ಸು ಬಹಳ ಇದೆ. ಆದರೆ ಅವತ್ತು ಜನರಿಂದ ತಳ್ಳಿಸಿ ಮನೆ ಸೇರಿಸಿದ ಗಾಡಿಯನ್ನು ಯಾರ ಮೇಲೆ ಬಿಟ್ಟು ಹೋಗಲಿ? ಬೈರಣ್ಣ ಮೊನ್ನೆ ಬಂದು, “ತಂತಿ ಹಾಕ್ಕೊಡ್ತೀನಿ ಸಾರ್, ಕಾಸೂ ಬೇಡ” ಎಂದು ನಿಂತಿದ್ದ. ಗದರಿ ಕಳಿಸಿದೆ. ಮುನಿಲಕ್ಷ್ಮಮ್ಮ ಕೆಲಸ ಬಿಟ್ಟಳು. ಮನೆ ಪಕ್ಕದ ಗಾಡಿ ಶೆಡ್ಡಿಗೆ ಹೊಸ ಬೀಗ ಹಾಕಿಸಿದೆ. ಬೆಳಿಗ್ಗೆ ಸ್ನಾನ ಮಾಡಿ ಒಂದು ಸಲ, ದೀಪ ಹಚ್ಚುವ ಹೊತ್ತಿಗೆ ಒಂದು ಸಲ ಒಳಗೆ ಹೋಗಿ ಕೀಲಿ ತಿರುಗಿಸುತ್ತೇನೆ. ಮುಳ್ಳು ಏಳುತ್ತದೆ. ತುಮಕೂರಿನಲ್ಲಿ ಅವಳು ಚೆನ್ನಾಗಿದ್ದಾಳೆಂದು ತಿಳಿಯುತ್ತದೆ. ಕಾಗದ ಬರೆಯುವ ಅಗತ್ಯವೂ ಕಾಣುವುದಿಲ್ಲ.

೧೦ ಮೇ, ಭಾನುವಾರ

ಬೆಳಿಗ್ಗೆ ಮಾವನವರು ಟ್ಯಾಕ್ಸಿಯಲ್ಲಿ ಬಂದರು. ಗಡ್ಡ ಬೋಳಿಸಿರಲಿಲ್ಲ, ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದರು. ಒಳಗೆ ಕರೆದರೂ ಬರಲಿಲ್ಲ.

“ಶಾಂತವೀರಪ್ಪನವರೇ, ಹಾಗೇ ಹೊರಡಿ. ನಿನ್ನೆಯಿಂದ ಅವಳಿಗೆ ಪ್ರಜ್ಞೆ ಇಲ್ಲ. ಪ್ರಜ್ಞೆ ಇದ್ದಷ್ಟು ಹೊತ್ತೂ ನಿಮ್ಮನ್ನೇ ಕೇಳ್ತಿದ್ಲು. ಡಾಕ್ಟ್ರು ಕೈ ಚೆಲ್ಲಿದಾರೆ. ಮುಖ ನೋಡೋದಾದ್ರೆ ಈಗ್ಲೇ ಬನ್ನಿ.”

ಒಂದು ನಿಮಿಷ ಎಂದು ಹೇಳಿ ಶೆಡ್ಡಿನ ಬೀಗ ತೆಗೆದೆ. ಕೀಲಿ ತಿರುಗಿಸಿದೆ. ಮುಳ್ಳು ಎದ್ದಿತು. ತುಂಬಿದ ಗುರುತಿನ ಮೇಲೆ, ಒಂದು ಕೂದಲೂ ಆಚೀಚೆ ಇಲ್ಲದೆ ನಿಂತಿತು. ಎಷ್ಟೋ ಹೊತ್ತು ಅದನ್ನೇ ನೋಡುತ್ತ ಕೂತೆ. ಎದೆಯ ಬಡಿತ ಇಳಿಯಿತು.

ಹೊರಗೆ ಬಂದು ಮಾವನವರಿಗೆ ಸಮಾಧಾನ ಹೇಳಿದೆ. ಅವಳಿಗೇನೂ ಆಗಿಲ್ಲ, ಡಾಕ್ಟರರಿಗೆ ಎಲ್ಲ ತಿಳಿಯುವುದಿಲ್ಲ, ಸಂಜೆಯೊಳಗೆ ಎದ್ದು ಕೂರುತ್ತಾಳೆ, ನೀವು ಹೆದರಬೇಡಿ ಎಂದೆ. ನಾನು ಇಲ್ಲಿಂದ ಕದಲುವುದು ಅವಳಿಗೇ ಒಳ್ಳೆಯದಲ್ಲ ಎಂಬುದನ್ನೂ ಕ್ಲಾಸಿನಲ್ಲಿ ಹೇಳುವ ಹಾಗೆ ಬಿಡಿಸಿ ಹೇಳಿದೆ. ಮುದುಕರು ನನ್ನ ಕೈ ಹಿಡಿದುಕೊಂಡರು. ರಸ್ತೆಯ ಮಧ್ಯದಲ್ಲಿ, ಸೇರಿದ್ದ ಬೀದಿಯವರ ಎದುರಿಗೆ, ಅಳಿಯನಾದ ನನ್ನ ಕಾಲಿಗೆ ಬಗ್ಗಿದರು. ನಾನು ಹಿಂದೆ ಸರಿದೆ.

ಟ್ಯಾಕ್ಸಿ ಇನ್ನೂ ಗೇಟಿನ ಮುಂದೆಯೇ ಇದೆ. ಡ್ರೈವರು ಎರಡು ಸ‌ಲ ಹಾರನ್ ಮಾಡಿದ. ಇದನ್ನು ಬರೆದು ಮುಗಿಸುವಷ್ಟರಲ್ಲಿ ಹೋಗುತ್ತಾರೆ. ಆಮೇಲೆ ಇನ್ನೊಂದು ಸಲ ಮುಳ್ಳು ನೋಡಿ ಬರುತ್ತೇನೆ.